ಮೂರು-ನಾಲ್ಕು ಗಾಮಾ ಗೆರೆಯಿಂದ ನ್ಯೂಕ್ಲಿಯಸ್ಸಿನ ಆಕಾರ ಕಂಡುಹಿಡಿಯೋದು ಹೇಗೆ? ಸಮಗ್ರ ಮಾರ್ಗದರ್ಶಿ

ಹೋದ ತಿಂಗಳು ಅಕ್ಕನ ಮಗ ಬಳ್ಳಾರಿಯಿಂದ ಕೊಪ್ಪಳಕ್ಕೆ ಬಂದಿದ್ದ. ಎಂಎಸ್ಸಿ ಫಿಸಿಕ್ಸ್, ಕೊನೇ ವರ್ಷ. ಊಟಕ್ಕೆ ಕೂತಾಗ ಬ್ಯಾಗಿನಿಂದ ಒಂದು ಪ್ರಿಂಟ್‌ಔಟ್ ತೆಗೆದು ತಟ್ಟೆ ಪಕ್ಕ ಇಟ್ಟ. "ಮಾವ, ಯುರೋಪಿಯಂ ಸ್ಪೆಕ್ಟ್ರಮ್ ಇದು. ಕ್ಯಾಲಿಬ್ರೇಶನ್ ಮಾಡಿದ್ವಿ, ರೆಕಾರ್ಡ್ ಬರೆದ್ವಿ, ಮುಗೀತು." ಹಾಳೆ ನೋಡಿದೆ. ಸ್ಪೆಕ್ಟ್ರಮ್ ಅಂದರೆ ಯಾವ ಶಕ್ತಿಯ ಗಾಮಾ ಕಿರಣ ಎಷ್ಟು ಬಂತು ಅನ್ನುವ ಗ್ರಾಫ್, ಅದರಲ್ಲಿ ಎದ್ದು ಕಾಣುವ ಒಂದೊಂದು ಶಕ್ತಿಯೇ ಒಂದೊಂದು ಗಾಮಾ ಗೆರೆ. ಆ ಗೆರೆಗಳಿಗೆ 122, 245, 344, 411 ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದ. "ಮುಗೀತು ಅಂತಿಯಲ್ಲೋ, ಇದರಾಗ ಎರಡು ನ್ಯೂಕ್ಲಿಯಸ್ ಅದಾವು. ಒಂದು ಶೇಂಗಾ ಬೀಜದಂಗೆ ಉದ್ದ ಐತಿ, ಇನ್ನೊಂದು ಹೆಚ್ಚು ಕಮ್ಮಿ ಗುಂಡಗೈತಿ. ಯಾವುದು ಯಾವುದು ಹೇಳು" ಅಂದೆ. ಅವನು ಚಪಾತಿ ಕೈಯಲ್ಲಿ ಹಿಡಿದು ಸುಮ್ನೆ ನನ್ನ ಮುಖ ನೋಡಿದ.

ತಪ್ಪು ಅವನದಲ್ಲ ಬಿಡಿ. ಯುರೋಪಿಯಂ-152 ಅನ್ನುವ ವಿಕಿರಣಶೀಲ ಸೋರ್ಸನ್ನು ನಮ್ಮ ಲ್ಯಾಬ್‌ಗಳಲ್ಲಿ ತಕ್ಕಡಿಯ ಬಟ್ಟಿನ ಹಾಗೆ ಬಳಸುತ್ತಾರೆ. ಅಳತೆ ಸರಿ ಇದೆಯಾ ನೋಡೋಕೆ ಇಡೋದು, ನೋಡಿ ತೆಗೆದಿಡೋದು. ಆ ಬಟ್ಟಿನ ಕಥೆ ಏನು ಅಂತ ಯಾರೂ ಕೇಳುವುದಿಲ್ಲ. ಆ ಸಂಜೆ ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪಿಯುಸಿ ಫಿಸಿಕ್ಸ್ ನೆನಪಿದ್ದರೆ ಸಾಕು, ಉಳಿದದ್ದು ಕೂಡೋದು, ಭಾಗಿಸೋದು ಅಷ್ಟೇ.

ಏನೇನು ಬೇಕು

ಒಂದು ನೋಟ್‌ಬುಕ್, ವರ್ಗಮೂಲ ತೆಗೆಯುವ ಕ್ಯಾಲ್ಕುಲೇಟರ್, ಸ್ಕೇಲು, ಎರಡು ಗುಂಡುಪಿನ್ನು, ಒಂದು ಗೇಣು ದಾರ. ಎರಡು ಕೋಳಿಮೊಟ್ಟೆ, ಒಂದು ಬೇಯಿಸಿದ್ದು, ಒಂದು ಹಸಿ. ನಗಬೇಡಿ, ಮೊಟ್ಟೆ ನಿಜವಾಗಲೂ ಬೇಕು.

ಜೊತೆಗೆ ಮೊಬೈಲ್. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿರುವ ನ್ಯಾಷನಲ್ ನ್ಯೂಕ್ಲಿಯರ್ ಡೇಟಾ ಸೆಂಟರ್‌ನವರು ನ್ಯೂಡ್ಯಾಟ್ ಅಂತ ಒಂದು ಸೈಟ್ ನಡೆಸುತ್ತಾರೆ. ಜಗತ್ತಿನಲ್ಲಿ ಅಳೆದಿರುವ ಎಲ್ಲಾ ನ್ಯೂಕ್ಲಿಯಸ್ಸುಗಳ ಲೆವೆಲ್ಲು (ನ್ಯೂಕ್ಲಿಯಸ್ ನಿಲ್ಲಬಹುದಾದ ಶಕ್ತಿಯ ಮೆಟ್ಟಿಲು), ಗಾಮಾ, ಸ್ಪಿನ್ (ಆ ಮೆಟ್ಟಿಲಿನಲ್ಲಿ ಒಟ್ಟು ತಿರುಗುವಿಕೆ ಎಷ್ಟು ಅನ್ನುವ ಸಂಖ್ಯೆ) ಎಲ್ಲ ಅಲ್ಲಿವೆ. ದುಡ್ಡಿಲ್ಲ, ಲಾಗಿನ್ ಇಲ್ಲ.

ಮೊದಲು ಒಂದು ಮಾತು: ಗುಂಡಗಿದ್ದರೆ ತಿರುಗುವುದೇ ಇಲ್ಲ

ಇದು ತಲೆಗೆ ಹತ್ತದಿದ್ದರೆ ಮುಂದಿನದೆಲ್ಲ ಬರೀ ಲೆಕ್ಕ ಆಗುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಒಂದು ಗಾಜಿನ ಗೋಲಿ ತಗೊಳ್ಳಿ. ಒಳಗೆ ಬಣ್ಣದ ಎಳೆ ಇಲ್ಲ, ಮೇಲೆ ಗೀರಿಲ್ಲ, ಧೂಳಿಲ್ಲ. ಅದು ತಿರುಗುತ್ತಿದೆಯಾ, ನಿಂತಿದೆಯಾ ಅಂತ ನೋಡಿ ಹೇಳೋಕೆ ಆಗುತ್ತಾ? ಆಗಲ್ಲ. ಆದರೂ ಗೋಲಿ ತಿರುಗುತ್ತಿರಬಹುದು, ಮುಟ್ಟಿದರೆ ಗೊತ್ತಾಗುತ್ತದೆ. ನ್ಯೂಕ್ಲಿಯಸ್ಸಿನ ಲೋಕದಲ್ಲಿ ಕಾನೂನು ಇನ್ನೂ ಕಟ್ಟುನಿಟ್ಟು. ತಿರುಗಿಸುವ ಮುಂಚೆ ಮತ್ತು ತಿರುಗಿಸಿದ ಮೇಲೆ ಒಂದಿಷ್ಟೂ ವ್ಯತ್ಯಾಸ ಇಲ್ಲ ಅಂದರೆ ಅದು ಒಂದೇ ಸ್ಥಿತಿ, ತಿರುಗಿತು ಅನ್ನುವ ಮಾತಿಗೆ ಅರ್ಥವೇ ಇಲ್ಲ, ಅದಕ್ಕೆ ಅಂತ ಬೇರೆ ಶಕ್ತಿಯ ಮೆಟ್ಟಿಲೂ ಇರುವುದಿಲ್ಲ. ಹಾಗಾಗಿ ತಿರುಗುವಿಕೆಯ ಮೆಟ್ಟಿಲು ಕಂಡಿತು ಅಂದರೆ ಆ ನ್ಯೂಕ್ಲಿಯಸ್ ಗುಂಡಗಿಲ್ಲ ಅಂತಲೇ ಲೆಕ್ಕ. ಕಣ್ಣಿಗೆ ಕಾಣದ ವಸ್ತುವಿನ ಆಕಾರ ನಮಗೆ ಸಿಗೋದು ಈ ಸಂದಿಯಿಂದ.

ಗುಂಡಗಿಲ್ಲ ಅಂತ ಮೊದಲು ಸುಳಿವು ಸಿಕ್ಕಿದ್ದು 1935ರಲ್ಲಿ, ಶ್ಯೂಲರ್ ಮತ್ತು ಶ್ಮಿಟ್ ಅನ್ನುವವರಿಗೆ. ಬೆಳಕಿನ ಗೆರೆಗಳ ಸೂಕ್ಷ್ಮ ಜಾಗ ಸ್ವಲ್ಪ ಆಚೀಚೆ ಆಗಿತ್ತು. ಯಾವ ಮೂಲವಸ್ತು ಗೊತ್ತಾ? ಯುರೋಪಿಯಂ! ಅಲ್ಲಿಂದ 15 ವರ್ಷದ ಮೇಲೆ, 1950ರಲ್ಲಿ, ಜೇಮ್ಸ್ ರೈನ್‌ವಾಟರ್ ಇದಕ್ಕೆ ಕಾರಣ ಸೂಚಿಸಿದರು. ಹೊರಗಿನ ಕೆಲವು ಕಣಗಳು ಒಂದೇ ಕಡೆ ಜಾಸ್ತಿ ಓಡಾಡಿ ಇಡೀ ನ್ಯೂಕ್ಲಿಯಸ್ಸನ್ನೇ ಎಳೆದು ಉದ್ದ ಮಾಡುತ್ತವೆ ಅಂತ. ಕೋಪನ್‌ಹೇಗನ್‌ನಲ್ಲಿ ಓಗೆ ಬೋರ್ ಮತ್ತು ಬೆನ್ ಮೋಟೆಲ್ಸನ್ ಅದನ್ನು ಪೂರ್ತಿ ಸಿದ್ಧಾಂತ ಮಾಡಿದರು. 1975ರಲ್ಲಿ ಮೂವರಿಗೂ ನೊಬೆಲ್ ಬಂತು.

ಹೆಜ್ಜೆ 1: ಜೋಡಿ-ಜೋಡಿ ನ್ಯೂಕ್ಲಿಯಸ್ ಆರಿಸಿಕೊಳ್ಳಿ

ಪ್ರೋಟಾನ್ ಸಂಖ್ಯೆಯೂ ಸಮ, ನ್ಯೂಟ್ರಾನ್ ಸಂಖ್ಯೆಯೂ ಸಮ ಇರುವಂಥದ್ದು. ಆಗ ಒಳಗಿನ ಕಣಗಳೆಲ್ಲ ಜೋಡಿ ಕಟ್ಟಿಕೊಂಡು ಒಬ್ಬರ ಸ್ಪಿನ್ ಇನ್ನೊಬ್ಬರು ಕಳೆದುಬಿಡುತ್ತಾರೆ, ತಳದ ಮೆಟ್ಟಿಲು ಯಾವಾಗಲೂ ಸ್ಪಿನ್ 0. ಬೆಸ ಸಂಖ್ಯೆಯವೂ ತಿರುಗುತ್ತವೆ, ಆದರೆ ಒಂಟಿ ಕಣದ ಗಲಾಟೆ ಜೊತೆಗೆ ಸೇರುತ್ತದೆ. ಕಲಿಯುವಾಗ ಅದು ಬೇಡ.

ಯುರೋಪಿಯಂ-152 ತಾನೇ ಬೆಸ-ಬೆಸ. ಆದರೆ ಅದು ಸಾಯುವಾಗ ಎರಡು ದಾರಿ ಹಿಡಿಯುತ್ತದೆ. 100ರಲ್ಲಿ ಸುಮಾರು 72 ಸಲ ಒಂದು ಎಲೆಕ್ಟ್ರಾನ್ ನುಂಗಿ ಸಮಾರಿಯಂ-152 ಆಗುತ್ತದೆ, ಉಳಿದ 28 ಸಲ ಒಂದು ಎಲೆಕ್ಟ್ರಾನ್ ಉಗುಳಿ ಗ್ಯಾಡೋಲಿನಿಯಂ-152 ಆಗುತ್ತದೆ. ಎರಡೂ ಜೋಡಿ-ಜೋಡಿ, ಎರಡರ ಒಟ್ಟು ಕಣಗಳೂ 152. ಸಮಾರಿಯಂನಲ್ಲಿ ಪ್ರೋಟಾನ್ 62, ನ್ಯೂಟ್ರಾನ್ 90. ಗ್ಯಾಡೋಲಿನಿಯಂನಲ್ಲಿ 64 ಮತ್ತು 88. ಈ 90 ಮತ್ತು 88 ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಹೆಜ್ಜೆ 2: ಏಣಿ ಬರೆಯಿರಿ (ಎಲ್ಲರೂ ಜಾರೋದು ಇಲ್ಲೇ)

ನೋಟ್‌ಬುಕ್ಕಿನಲ್ಲಿ ತಳಕ್ಕೆ ಒಂದು ಅಡ್ಡಗೆರೆ. ಅದು ಸ್ಪಿನ್ 0, ಶಕ್ತಿ 0. ಅದರ ಮೇಲೆ ಸ್ಪಿನ್ 2, ಅದರ ಮೇಲೆ 4, 6, 8. ನಡುವಿನ 1, 3, 5 ಎಲ್ಲಿ ಅಂತ ಕೇಳಬಹುದು. ಶೇಂಗಾ ಬೀಜವನ್ನು ತಲೆಕೆಳಗು ಮಾಡಿದರೆ ಹಾಗೇ ಕಾಣುತ್ತದೆ ಅಲ್ವಾ? ಆ ಸಮರೂಪದಿಂದಾಗಿ ಬೆಸ ಸ್ಪಿನ್‌ಗಳು ಈ ಏಣಿಯಿಂದ ಬಿದ್ದುಹೋಗುತ್ತವೆ.

ಸಮಾರಿಯಂ-152ಕ್ಕೆ ನ್ಯೂಡ್ಯಾಟ್ ತೆರೆದರೆ ಶಕ್ತಿಯ ಪಟ್ಟಿ ಹೀಗೆ ಬರುತ್ತದೆ, ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಯೂನಿಟ್) ಲೆಕ್ಕದಲ್ಲಿ: 0, 121.8, 366.5, 684.7, 706.9, 810.5, ಹೀಗೆ ಮುಂದಕ್ಕೆ. ಈಗ ಸ್ಪಿನ್ 6 ಯಾವುದು? ವರಸೆ ಪ್ರಕಾರ 684.7 ಅನ್ನಿಸುತ್ತದೆ. ಅಲ್ಲ, ಅದು ಬೇರೆ ಏಣಿಯ ತಳ, ಸ್ಪಿನ್ 0. ನಮ್ಮ 6 ಇರೋದು 706.9ರಲ್ಲಿ. 810.5 ಅನ್ನುವುದು ಆ ಎರಡನೇ ಏಣಿಯ ಸ್ಪಿನ್ 2. ನಾನು ಓದುವಾಗ ಸೆಮಿನಾರಿನಲ್ಲಿ 684.7ನ್ನೇ 6 ಅಂತ ಹಾಕಿ, ಗ್ರಾಫ್ ಬರೆದು, ಕೊಂಕಾಗಿ ಬಂದ ಗೆರೆಗೆ ಹತ್ತು ನಿಮಿಷ ಭಾಷಣ ಬೇರೆ ಬಿಗಿದಿದ್ದೆ. ಗೈಡ್ ತಲೆ ಆಡಿಸುತ್ತಾ ಕೂತಿದ್ದರು. ಹೊರಗಿನಿಂದ ಬಂದ ಎಕ್ಸಾಮಿನರ್ ಮಾತ್ರ "ತಮ್ಮಾ, ಶಕ್ತಿ ಓದಿದಿ, ಪಕ್ಕದ ಸ್ಪಿನ್ ಯಾರು ಓದಬೇಕು?" ಅಂದರು. ಇವತ್ತಿಗೂ 684 ಅಂದರೆ ಕಿವಿ ಬಿಸಿ ಆಗುತ್ತದೆ. ಆದ್ದರಿಂದ ಶಕ್ತಿ ನೋಡುವ ಮೊದಲು ಸ್ಪಿನ್ ಕಾಲಂ ನೋಡಿ, ಒಂದೇ ಏಣಿಯದ್ದಾ ಅಂತ ಖಾತ್ರಿ ಮಾಡಿಕೊಳ್ಳಿ. ನ್ಯೂಡ್ಯಾಟ್‌ನಲ್ಲಿ ಬ್ಯಾಂಡ್ ಅಂತ ಗುರುತೂ ಕೊಟ್ಟಿರುತ್ತಾರೆ.

ಸೈಟ್ ಬೇಡ, ನಮ್ಮ ಸ್ಪೆಕ್ಟ್ರಮ್ಮಿನಿಂದಲೇ ಏಣಿ ಕಟ್ಟುತ್ತೇವೆ ಅಂದರೆ? ಆಗ ಇನ್ನೊಂದು ಎಚ್ಚರ. ಸ್ಪೆಕ್ಟ್ರಮ್ಮಿನಲ್ಲಿ ಕಾಣೋದು ಮೆಟ್ಟಿಲಿನ ಎತ್ತರ ಅಲ್ಲ, ಎರಡು ಮೆಟ್ಟಿಲ ನಡುವಿನ ಅಂತರ. 121.8 ಅನ್ನೋದು 2ರಿಂದ 0ಗೆ ಇಳಿದದ್ದು. 244.7 ಅನ್ನೋದು 4ರಿಂದ 2ಕ್ಕೆ ಇಳಿದದ್ದು. ಎರಡನ್ನೂ ಕೂಡಿದರೆ 366.5, ಅದು 4ರ ಎತ್ತರ. ಹಾಗೆಯೇ 344.3ರ ಮೇಲೆ 411.1 ಪೇರಿಸಿದರೆ 755.4, ಅದು ಗ್ಯಾಡೋಲಿನಿಯಂನ ಸ್ಪಿನ್ 4.

ಯಾವ ಗೆರೆ ಯಾವುದರ ಮೇಲೆ ಕೂರಬೇಕು ಅಂತ ತಿಳಿಯೋಕೆ ಎರಡು ಡಿಟೆಕ್ಟರ್ ಎದುರುಬದುರು ಇಟ್ಟು ಯಾವ ಗಾಮಾ ಯಾವುದರ ಜೊತೆ ಒಟ್ಟಿಗೆ ಬರುತ್ತದೆ ಅಂತ ನೋಡುತ್ತಾರೆ. 121.8 ಮತ್ತು 244.7 ಜೊತೆಜೊತೆಗೆ ಬರುತ್ತವೆ. 121.8ರ ಜೊತೆ 344.3 ಬರುವುದೇ ಇಲ್ಲ, ಯಾಕಂದರೆ ಅವು ಬೇರೆ ಬೇರೆ ನ್ಯೂಕ್ಲಿಯಸ್ಸಿನವು. ಇನ್ನೊಂದು ಮಾತು: ಕಾಲೇಜಿನ ಸೋಡಿಯಂ ಅಯೋಡೈಡ್ ಡಿಟೆಕ್ಟರಿನಲ್ಲಿ 122, 245, 344 ಚೆನ್ನಾಗಿ ಕಾಣುತ್ತವೆ, 411 ಮಾತ್ರ ಪಕ್ಕದ 444ರ ಜೊತೆ ಕಲಸಿಹೋಗುತ್ತದೆ. ಅದಕ್ಕೆ ಜರ್ಮೇನಿಯಂ ಡಿಟೆಕ್ಟರೇ ಬೇಕು. ಅಳಿಯ ತಂದಿದ್ದು ಪುಣ್ಯಕ್ಕೆ ಅದರದ್ದೇ ಹಾಳೆ. ಸೋರ್ಸ್ ಮಾತ್ರ ಲ್ಯಾಬಿನವರೇ ತೆಗೆದಿಡಲಿ, ನೀವು ಜೇಬಿಗೆ ಹಾಕಿಕೊಳ್ಳಬೇಡಿ.

ಹೆಜ್ಜೆ 3: ಒಂದು ಭಾಗಾಕಾರ

4ರ ಎತ್ತರವನ್ನು 2ರ ಎತ್ತರದಿಂದ ಭಾಗಿಸಿ. ಇಷ್ಟೇ. ಇಡೀ ವಿಷಯದ ಅರ್ಧ ಇಲ್ಲೇ ಇದೆ.

ಹೀಗೆ ಯಾಕೆ ಅಂದರೆ, ಗಟ್ಟಿಯಾಗಿ ಉದ್ದ ಆಗಿರುವ ವಸ್ತು ತಿರುಗಿದರೆ ಅದರ ಶಕ್ತಿ ಜೆ × (ಜೆ + 1) ಪ್ರಕಾರ ಏರುತ್ತದೆ, ಜೆ ಅಂದರೆ ಸ್ಪಿನ್. ಸ್ಪಿನ್ 2ಕ್ಕೆ 2 × 3 = 6. ಸ್ಪಿನ್ 4ಕ್ಕೆ 4 × 5 = 20. 20ನ್ನು 6ರಿಂದ ಭಾಗಿಸಿದರೆ 3.33. ಗುಂಡಗಿದ್ದು ಬರೀ ಜೆಲ್ಲಿ ಥರ ನಡುಗುವ ನ್ಯೂಕ್ಲಿಯಸ್ ಆದರೆ ಮೆಟ್ಟಿಲುಗಳು ಸಮ ಅಂತರದಲ್ಲಿ ಇರುತ್ತವೆ, ಆಗ ಉತ್ತರ 2. ಮ್ಯಾಜಿಕ್ ಸಂಖ್ಯೆಯ (ಒಳಗಿನ ಕಣಗಳ ಕವಚ ಪೂರ್ತಿ ತುಂಬುವ ಸಂಖ್ಯೆ) ಹತ್ತಿರ ಇರುವ ಬಿಗಿ ಗುಂಡುಗಳಲ್ಲಿ 2ಕ್ಕಿಂತಲೂ ಕಡಿಮೆ.

ಈಗ ನಮ್ಮ ಹಾಳೆ. ಸಮಾರಿಯಂ: 366.5 ÷ 121.8 = 3.01. ಗ್ಯಾಡೋಲಿನಿಯಂ: 755.4 ÷ 344.3 = 2.19. ಒಂದೇ ಸೋರ್ಸ್, ಒಂದೇ ಸ್ಪೆಕ್ಟ್ರಮ್, ಒಂದೇ ತೂಕ, ಆಕಾರ ಬೇರೆ. ಅಳಿಯ ಕ್ಯಾಲ್ಕುಲೇಟರ್ ಎರಡು ಸಲ ಒತ್ತಿ ನೋಡಿದ. ಈ ಗೆರೆಗಳನ್ನು ಎರಡು ಸೆಮಿಸ್ಟರ್‌ನಿಂದ ನೋಡ್ತಾ ಇದ್ದೀನಿ ಮಾವ, ಯಾರೂ ಇದನ್ನ ಹೇಳಲಿಲ್ಲ ಅಂದ.

ಸಮಾರಿಯಂ ಕುಟುಂಬವನ್ನೇ ಸಾಲಾಗಿ ನಿಲ್ಲಿಸಿದರೆ ಇನ್ನೂ ಚೆಂದ. ಸಮಾರಿಯಂ-144ರಲ್ಲಿ ನ್ಯೂಟ್ರಾನ್ 82, ಅದು ಮ್ಯಾಜಿಕ್ ಸಂಖ್ಯೆ. ಅದರ ಸ್ಪಿನ್ 2 ಮೆಟ್ಟಿಲು 1660 ಕೆಇವಿ ಎತ್ತರದಲ್ಲಿ ಕೂತಿದೆ, ಹತ್ತೋಕೇ ಆಗಲ್ಲ. 148ಕ್ಕೆ ಬಂದರೆ 550, ಭಾಗಾಕಾರ 2.14. 150ಕ್ಕೆ 334, ಭಾಗಾಕಾರ 2.32. 152ಕ್ಕೆ ದಿಢೀರನೆ 122 ಮತ್ತು 3.01. 154ಕ್ಕೆ 82 ಮತ್ತು 3.25. ಮೊದಲ ಮೆಟ್ಟಿಲು ಕೆಳಗಿಳಿದಷ್ಟೂ ಉದ್ದ ಜಾಸ್ತಿ ಅಂತ ಕಣ್ಣಳತೆಗೆ ಇಟ್ಟುಕೊಳ್ಳಬಹುದು. ಆದರೆ 150 ಮತ್ತು 152ರ ನಡುವಿನ ಜಿಗಿತ ನೋಡಿ, ಎರಡೇ ಎರಡು ನ್ಯೂಟ್ರಾನ್ ಸೇರಿದ್ದಕ್ಕೆ! ನೀರು ಮಂಜಾಗುವ ಹಾಗೆ ಅಂತ ಇದನ್ನು ಆಕಾರದ ಸ್ಥಿತ್ಯಂತರ ಅನ್ನುತ್ತಾರೆ.

ಹೆಜ್ಜೆ 4: ಎಷ್ಟು ಭಾರವಾಗಿ ತಿರುಗುತ್ತದೆ?

ಇಲ್ಲಿಂದ ಎರ್ಬಿಯಂ-166 ತಗೊಳ್ಳೋಣ, ಅದು ಪಾಠ ಮಾಡೋಕೆ ಹೇಳಿ ಮಾಡಿಸಿದ ನ್ಯೂಕ್ಲಿಯಸ್. ಏಣಿ: ಸ್ಪಿನ್ 2ಕ್ಕೆ 80.6, 4ಕ್ಕೆ 265.0, 6ಕ್ಕೆ 545.5, 8ಕ್ಕೆ 911.2, 10ಕ್ಕೆ 1349.6. ಭಾಗಾಕಾರ 3.29, ಸುಮಾರು ಪೂರಾ ಉದ್ದ.

ಪ್ರತಿ ಎತ್ತರವನ್ನೂ ಅದರ ಜೆ × (ಜೆ + 1)ರಿಂದ ಭಾಗಿಸಿ. 80.6 ÷ 6 = 13.43. 265 ÷ 20 = 13.25. 545.5 ÷ 42 = 12.99. 911.2 ÷ 72 = 12.66. 1349.6 ÷ 110 = 12.27. ಗಟ್ಟಿ ವಸ್ತುವಾಗಿದ್ದರೆ ಎಲ್ಲವೂ ಒಂದೇ ಬರಬೇಕಿತ್ತು. ನಿಧಾನವಾಗಿ ಇಳಿಯುತ್ತಿದೆ ಅಂದರೆ, ವೇಗ ಏರಿದಷ್ಟೂ ಜಡತ್ವದ ಭ್ರಮಣಾಂಕ ಹಿಗ್ಗುತ್ತಿದೆ. ಪಿಯುಸಿಯಲ್ಲಿ ಓದಿದ್ದೀವಲ್ಲ, ತಿರುಗಿಸೋಕೆ ಎಷ್ಟು ಕಷ್ಟ ಅಂತ ಹೇಳುವ ಸಂಖ್ಯೆ, ಅದೇ. ನಮ್ಮ ಕಡೆ ಯಾರೂ ಅಷ್ಟು ಉದ್ದ ಹೇಳಲ್ಲ, ಮೊಮೆಂಟ್ ಆಫ್ ಇನರ್ಷಿಯಾ ಅಂತಲೇ ಅನ್ನೋದು. ನಾನೂ ಇನ್ನು ಮೇಲೆ ಇನರ್ಷಿಯಾ ಅಂತೀನಿ.

ಅದನ್ನು ತೆಗೆಯೋಕೆ ಒಂದು ಸುಲಭ ಉಪಾಯ: 3ನ್ನು ಸ್ಪಿನ್ 2ರ ಎತ್ತರದಿಂದ ಭಾಗಿಸಿ, ಎತ್ತರವನ್ನು ಎಂಇವಿಯಲ್ಲಿ ಹಾಕಿ (1000 ಕೆಇವಿಗೆ 1 ಎಂಇವಿ). 3 ÷ 0.0806 = 37. ಯೂನಿಟ್ ಎಚ್-ಬಾರ್ ವರ್ಗ ಪ್ರತಿ ಎಂಇವಿ (ಎಚ್-ಬಾರ್ ಅಂದರೆ ಪ್ಲಾಂಕ್ ಸ್ಥಿರಾಂಕವನ್ನು 2 × ಪೈನಿಂದ ಭಾಗಿಸಿದ್ದು). ಈ 37ನ್ನು ಒಂದು ಚೌಕ ಹಾಕಿ ಬರೆದಿಡಿ.

ಹೆಜ್ಜೆ 5: ಆಕಾರದ ಸಂಖ್ಯೆ ಬೀಟಾ ತೆಗೆಯಿರಿ, ಚಿತ್ರ ಬರೆಯಿರಿ

ಮೊಟ್ಟೆಗೆ ಹೋಗುವ ಮುಂಚೆ ಎಷ್ಟು ಉದ್ದ ಅಂತ ಗೊತ್ತಾಗಬೇಕು. ಅದಕ್ಕೆ ಬರೀ ಶಕ್ತಿ ಸಾಲದು. ನ್ಯೂಕ್ಲಿಯಸ್ ಎಷ್ಟು ಜೋರಾಗಿ ಗಾಮಾ ಉಗುಳುತ್ತದೆ ಅಂತ ಬೇಕು, ಅದನ್ನು ಬಿಇ2 ಅನ್ನುತ್ತಾರೆ. ಸ್ಪಿನ್ 2ರ ಮೆಟ್ಟಿಲಿನ ಆಯಸ್ಸು ಅಳೆದರೆ ಇದು ಸಿಗುತ್ತದೆ. ಎರ್ಬಿಯಂ-166ಕ್ಕೆ 0ಯಿಂದ 2ಕ್ಕೆ ಏರುವ ಬಿಇ2 ಸುಮಾರು 5.8, ಯೂನಿಟ್ ಇ ವರ್ಗ ಬಾರ್ನ್ ವರ್ಗ (ಇ ಅಂದರೆ ಒಂದು ಪ್ರೋಟಾನಿನ ಚಾರ್ಜ್, ಬಾರ್ನ್ ಅಂದರೆ ನ್ಯೂಕ್ಲಿಯಸ್ಸಿನ ಅಳತೆಯ ವಿಸ್ತೀರ್ಣದ ಯೂನಿಟ್).

ತ್ರಿಜ್ಯ = 1.2 × 166ರ ಘನಮೂಲ = 6.6 ಫರ್ಮಿ (ಫರ್ಮಿ ಅಂದರೆ ನ್ಯೂಕ್ಲಿಯಸ್ ಅಳೆಯುವ ಉದ್ದದ ಯೂನಿಟ್, 10ರ −15 ಘಾತ ಮೀಟರ್). ಅದರ ವರ್ಗ 43.5. 100 ಚದರ ಫರ್ಮಿಗೆ 1 ಬಾರ್ನ್, ಹಾಗಾಗಿ 0.435 ಬಾರ್ನ್. ಈ ಯೂನಿಟ್ ಬದಲಿಸೋದು ಮರೆತರೆ ಬೀಟಾ ನೂರು ಪಟ್ಟು ತಪ್ಪಾಗುತ್ತದೆ. ಈಗ 4 × ಪೈ ಅನ್ನು 3 × 68 × 0.435ರಿಂದ ಭಾಗಿಸಿ (68 ಅಂದರೆ ಪ್ರೋಟಾನ್), ಬಂದದ್ದನ್ನು 5.8ರ ವರ್ಗಮೂಲದಿಂದ ಗುಣಿಸಿ. 0.1416 × 2.41 = 0.34. ಇದೇ ಬೀಟಾ. ಪೂರಾ ಗುಂಡಗಿದ್ದರೆ 0.

0.34 ಅಂದರೆ ಎಷ್ಟು ಉದ್ದ? ತುದಿಯ ಕಡೆ ತ್ರಿಜ್ಯ 0.63 × ಬೀಟಾ ಪಾಲು ಹೆಚ್ಚುತ್ತದೆ, ಸೊಂಟದ ಕಡೆ ಅದರ ಅರ್ಧ ಕಡಿಮೆ ಆಗುತ್ತದೆ. ಲೆಕ್ಕ ಹಾಕಿದರೆ ತುದಿಗೆ 8.0 ಫರ್ಮಿ, ಸೊಂಟಕ್ಕೆ 5.9 ಫರ್ಮಿ. ಒಂದು ಫರ್ಮಿಗೆ ಒಂದು ಸೆಂಟಿಮೀಟರ್ ಅಂತ ಇಟ್ಟುಕೊಂಡು ಬರೆಯಿರಿ. ಹಾಳೆಯ ನಡುವೆ ಚುಕ್ಕಿ ಇಟ್ಟು, ಅದರಿಂದ ಎಡಕ್ಕೆ 5.4 ಸೆಂಮೀ, ಬಲಕ್ಕೆ 5.4 ಸೆಂಮೀ ದೂರದಲ್ಲಿ ಗುಂಡುಪಿನ್ನು ಚುಚ್ಚಿ. ದಾರದ ಎರಡು ತುದಿ ಎರಡು ಪಿನ್ನಿಗೆ ಕಟ್ಟಿ, ನಡುವಿನ ದಾರ ಸರಿಯಾಗಿ 16 ಸೆಂಮೀ ಇರಲಿ. ಪೆನ್ಸಿಲ್ ಮೊನೆಯಿಂದ ದಾರ ಬಿಗಿಯಾಗಿ ಎಳೆದು ಸುತ್ತ ಓಡಿಸಿ. ಬಂತಲ್ಲ, ಅದೇ ಎರ್ಬಿಯಂ-166, ಹತ್ತು ಲಕ್ಷ ಕೋಟಿ ಪಟ್ಟು ಹಿಗ್ಗಿಸಿದ್ದು. ಪುಸ್ತಕಗಳಲ್ಲಿ ಸೌತೆಕಾಯಿ ಥರ ಉದ್ದಕ್ಕೆ ಬರೆದಿರುತ್ತಾರೆ, ನಂಬಬೇಡಿ. ಅಗಲ 1 ಆದರೆ ಉದ್ದ 1.36 ಅಷ್ಟೇ, ತುಂಬಿದ ಶೇಂಗಾ ಬೀಜದಷ್ಟು.

ಹೆಜ್ಜೆ 6: ಮೊಟ್ಟೆ ತಿರುಗಿಸಿ

ಅಡುಗೆಮನೆ ಕಡಪ ಕಲ್ಲಿನ ಮೇಲೆ ಎರಡೂ ಮೊಟ್ಟೆ ಮಲಗಿಸಿ. ಬೇಯಿಸಿದ್ದನ್ನು ಬೆರಳಿನಿಂದ ತಿರುವಿ, ಬುಗುರಿ ಥರ ಗಿರ್ರನೆ ತಿರುಗುತ್ತದೆ. ಹಸಿಯದ್ದನ್ನು ತಿರುವಿ, ಎರಡು ಸುತ್ತು ಓಲಾಡಿ ನಿಂತುಬಿಡುತ್ತದೆ. ಹಸಿ ಮೊಟ್ಟೆಯಲ್ಲಿ ಚಿಪ್ಪು ತಿರುಗಿದರೂ ಒಳಗಿನ ಲೋಳೆ ಜೊತೆಗೆ ಬರೋದಿಲ್ಲ. ಇನ್ನೊಂದು ಗಮನಿಸಿ, ಮೊಟ್ಟೆ ಮಲಗಿಕೊಂಡು ತುದಿ ತುದಿ ಬೀಸುತ್ತಾ ತಿರುಗುತ್ತದೆ. ನ್ಯೂಕ್ಲಿಯಸ್ಸೂ ಹಾಗೆಯೇ. ಉದ್ದದ ಅಕ್ಷದ ಸುತ್ತ ಉರುಳಿದರೆ ಮತ್ತೆ ಗೋಲಿಯ ಕಥೆಯೇ, ವ್ಯತ್ಯಾಸ ಕಾಣುವುದಿಲ್ಲ.

ನ್ಯೂಕ್ಲಿಯಸ್ ಬೆಂದ ಮೊಟ್ಟೆಯಾ, ಹಸಿ ಮೊಟ್ಟೆಯಾ? ಲೆಕ್ಕ ಹಾಕೋಣ. ಬೆಂದದ್ದಾದರೆ ಇನರ್ಷಿಯಾ = 0.0138 × (166ರ 5/3 ಘಾತ) × (1 + 0.31 × ಬೀಟಾ). 166ರ 5/3 ಘಾತ 5014. ಗುಣಿಸಿದರೆ 69, ಅದಕ್ಕೆ ಉದ್ದದ ಪಾಲು ಸೇರಿ ಸುಮಾರು 76. ಪೂರಾ ಲೋಳೆ, ಮೇಲ್ಮೈಯಲ್ಲಿ ಅಲೆ ಮಾತ್ರ ಸುತ್ತುತ್ತದೆ ಅಂದರೆ ಆ 69ನ್ನು 0.9 × ಬೀಟಾ ವರ್ಗದಿಂದ ಗುಣಿಸಬೇಕು, ಸುಮಾರು 7 ಬರುತ್ತದೆ.

ಈಗ ಚೌಕ ಹಾಕಿದ ಸಂಖ್ಯೆ ನೋಡಿ, 37. 76ರ ಅರ್ಧ, 7ರ ಐದು ಪಟ್ಟು. ಅರೆಬೆಂದ ಮೊಟ್ಟೆ!

ನನಗೆ ಇಡೀ ನ್ಯೂಕ್ಲಿಯರ್ ಫಿಸಿಕ್ಸಿನಲ್ಲಿ ತುಂಬಾ ಇಷ್ಟವಾದ ಸಂಖ್ಯೆ ಇದು. ಕಾರಣ ಜೋಡಿ ಕಟ್ಟುವಿಕೆ. 1957ರಲ್ಲಿ ಸೂಪರ್‌ಕಂಡಕ್ಟರ್‌ಗಳಿಗೆ ಎಲೆಕ್ಟ್ರಾನ್ ಜೋಡಿಯ ಸಿದ್ಧಾಂತ ಬಂತು. ಮರುವರ್ಷವೇ ಬೋರ್, ಮೋಟೆಲ್ಸನ್, ಪೈನ್ಸ್ ಮೂವರೂ ಸೇರಿ ನ್ಯೂಕ್ಲಿಯಸ್ಸಿನೊಳಗೂ ಇಂಥದ್ದೇ ನಡೆಯುತ್ತಿರಬಹುದು ಅಂದರು. ಜೋಡಿಯಾದ ಕಣಗಳು ಘರ್ಷಣೆಯಿಲ್ಲದ ದ್ರವದ ಹಾಗೆ ವರ್ತಿಸುತ್ತವೆ, ತಿರುಗುವಿಕೆಗೆ ಪೂರ್ತಿ ಸಿಕ್ಕಿಕೊಳ್ಳುವುದಿಲ್ಲ. ಅದಕ್ಕೇ ಅರ್ಧ.

ಹೆಜ್ಜೆ 7: ವೇಗ ಏರಿಸಿ, ಗೆರೆ ಹಿಂದಕ್ಕೆ ತಿರುಗುತ್ತದಾ ನೋಡಿ

ಹಾಗಾದರೆ ತುಂಬಾ ಜೋರಾಗಿ ತಿರುಗಿಸಿದರೆ ಜೋಡಿ ಒಡೆಯಬೇಕಲ್ವಾ? ಒಡೆಯುತ್ತದೆ. 1971ರಲ್ಲಿ ಸ್ವೀಡನ್ನಿನ ಜಾನ್ಸನ್, ರೈಡ್, ಸ್ಟಾರ್ಕಿಯರ್ ಇದನ್ನು ಡಿಸ್ಪ್ರೋಸಿಯಂ-160ರಲ್ಲಿ ಕಂಡರು. ನಾವು ಎರ್ಬಿಯಂ-158ರಲ್ಲಿ ನೋಡೋಣ, ಅದರಲ್ಲಿ ಎದ್ದು ಕಾಣುತ್ತದೆ.

ಏಣಿಯ ಒಂದೊಂದು ಅಂತರವನ್ನೂ ಕೆಳಗಿನಿಂದ ಬರೆಯಿರಿ: 192, 335, 443, 523, 579, 608. ಇಲ್ಲಿಗೆ ಸ್ಪಿನ್ 12. ಸರಿಯಾಗಿ ಏರುತ್ತಿದೆ. ಮುಂದಿನದು 510. ಅದರ ಮುಂದಿನದು 473. ಆಮೇಲೆ 566, ಮತ್ತೆ ಏರಿಕೆ. ಮೇಲಕ್ಕೆ ಹೋಗುತ್ತಾ ಗಾಮಾ ಶಕ್ತಿ ಕಡಿಮೆ ಆಯಿತು! ಗಾಮಾ ಶಕ್ತಿಯ ಅರ್ಧ ಅಂದರೆ ತಿರುಗುವ ವೇಗ. ಅಂದರೆ ಸ್ಪಿನ್ ಜಾಸ್ತಿ ಆಯಿತು, ವೇಗ ಇಳಿಯಿತು.

ಗ್ರಾಫ್ ಬರೆಯುವ ಕ್ರಮ ಇದು. ಅಡ್ಡಕ್ಕೆ ವೇಗದ ವರ್ಗ, ಅಂದರೆ ಗಾಮಾ ಶಕ್ತಿಯ ಅರ್ಧದ ವರ್ಗ. ಉದ್ದಕ್ಕೆ (4 × ಜೆ − 2) ÷ ಗಾಮಾ ಶಕ್ತಿ, ಇದು ಇನರ್ಷಿಯಾದ ಎರಡರಷ್ಟು. ಇಲ್ಲಿ ಜೆ ಅಂದರೆ ಮೇಲಿನ ಮೆಟ್ಟಿಲಿನ ಸ್ಪಿನ್, ಕೆಳಗಿನದ್ದಲ್ಲ. ಶಕ್ತಿ ಎಂಇವಿಯಲ್ಲಿ. ಸ್ಪಿನ್ 12ಕ್ಕೆ 46 ÷ 0.608 = 76. 14ಕ್ಕೆ 54 ÷ 0.510 = 106. 16ಕ್ಕೆ 62 ÷ 0.473 = 131. ಚುಕ್ಕಿಗಳನ್ನು ಸೇರಿಸಿದರೆ ಗೆರೆ ಬಲಕ್ಕೆ ಹೋಗಿ, ಹಿಂದಕ್ಕೆ ಬಾಗಿ, ಮತ್ತೆ ಬಲಕ್ಕೆ ತಿರುಗುತ್ತದೆ. ಬ್ಯಾಕ್‌ಬೆಂಡಿಂಗ್ ಅನ್ನೋದು ಇದಕ್ಕೇ.

ಆಗಿದ್ದೇನು ಅಂತ ಅಳಿಯನಿಗೆ ಗವಿಮಠದ ಜಾತ್ರೆ ನೆನಪಿಸಿ ಹೇಳಿದೆ. ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುತ್ತಾರಲ್ಲ, ಅಂಥ ಒಂದು ತಿರುಗುವ ಹಲಗೆ ಅನ್ಕೊಳ್ಳಿ. ಅದರ ಮೇಲೆ ಇಬ್ಬರು ಹುಡುಗರು ವಿರುದ್ಧ ದಿಕ್ಕಿಗೆ ಓಡುತ್ತಿದ್ದಾರೆ, ಒಬ್ಬನ ಓಟ ಇನ್ನೊಬ್ಬನ ಓಟಕ್ಕೆ ವಜಾ. ಹಲಗೆಯ ವೇಗ ಏರಿದಂತೆ ವಿರುದ್ಧ ಓಡುವವನಿಗೆ ತಡೆಯೋಕೆ ಆಗಲ್ಲ, ಅವನೂ ತಿರುಗಿ ಹಲಗೆ ಹೋಗುವ ಕಡೆಗೇ ಓಡುತ್ತಾನೆ. ಈಗ ಇಬ್ಬರ ಓಟವೂ ಒಟ್ಟು ಲೆಕ್ಕಕ್ಕೆ ಸೇರಿತು. ಅಷ್ಟೇ ಒಟ್ಟು ಸ್ಪಿನ್ ಬೇಕಾದರೆ ಹಲಗೆ ಅಷ್ಟು ಜೋರಾಗಿ ತಿರುಗಬೇಕಾಗಿಲ್ಲ. ಹಾಗಾಗಿ ವೇಗ ಇಳಿಯುತ್ತದೆ. ನ್ಯೂಕ್ಲಿಯಸ್ಸಿನಲ್ಲಿ ಆ ಇಬ್ಬರು ಹುಡುಗರು ಎರಡು ನ್ಯೂಟ್ರಾನು, ಅವರನ್ನು ತಿರುಗಿಸೋದು ಕೊರಿಯೊಲಿಸ್ ಬಲ. ಸ್ಟೀಫನ್ಸ್ ಮತ್ತು ಸೈಮನ್ 1972ರಲ್ಲಿ ಕೊಟ್ಟ ವಿವರಣೆ ಇದು. ಆ 608ರ ಜಾಗದಲ್ಲಿ ನ್ಯೂಕ್ಲಿಯಸ್ ಸೆಕೆಂಡಿಗೆ ಎಷ್ಟು ಸುತ್ತು ಅಂತೀರಾ? 7ರ ಮುಂದೆ 19 ಸೊನ್ನೆ ಹಾಕಿ.

ಹೆಜ್ಜೆ 8: ಉದ್ದವಾ, ಚಪ್ಪಟೆಯಾ?

ಇಲ್ಲಿವರೆಗೂ ಶೇಂಗಾ ಬೀಜ ಅಂತಲೇ ಬಂದೆ. ಆದರೆ ಉಳ್ಳಾಗಡ್ಡಿ ಥರ ಚಪ್ಪಟೆ ಇದ್ದರೂ ಏಣಿ ಹಾಗೆಯೇ ಇರುತ್ತದೆ. ಬಿಇ2ರಲ್ಲಿ ಬೀಟಾದ ವರ್ಗ ಬರುವುದರಿಂದ ಅಲ್ಲೂ ಪ್ಲಸ್-ಮೈನಸ್ ಕಳೆದುಹೋಗುತ್ತದೆ. ಇದನ್ನು ಬಿಡಿಸೋಕೆ ಸ್ಪಿನ್ 2 ಮೆಟ್ಟಿಲಿನ ಕ್ವಾಡ್ರುಪೋಲ್ ಮೊಮೆಂಟ್ ಅಳೆಯಬೇಕು, ಅಂದರೆ ಚಾರ್ಜ್ ಗುಂಡಗಿರದೆ ಯಾವ ಕಡೆ ಎಷ್ಟು ಹರಡಿದೆ ಅಂತ ಹೇಳುವ ಸಂಖ್ಯೆ. ಅಲ್ಲೊಂದು ಗುಂಡಿ ಇದೆ. ಅಳೆದದ್ದು ಮೈನಸ್ ಬಂದರೆ ಆಕಾರ ಉದ್ದ, ಪ್ಲಸ್ ಬಂದರೆ ಚಪ್ಪಟೆ. ತಪ್ಪು ಓದಿಲ್ಲ, ಉಲ್ಟಾನೇ. ಬೀಜ ತುದಿ ತುದಿ ಬೀಸಿ ತಿರುಗುವಾಗ ಹೊರಗಿನಿಂದ ನೋಡಿದವರಿಗೆ ಅದು ಚಪ್ಪಟೆ ಬಿಲ್ಲೆಯಂತೆ ಕಾಣುತ್ತದೆ, ಫ್ಯಾನಿನ ರೆಕ್ಕೆ ತಿರುಗಿದಾಗ ತಟ್ಟೆ ಕಂಡ ಹಾಗೆ. ಸ್ಪಿನ್ 2ಕ್ಕೆ ಲೆಕ್ಕ: ಹೊರಗೆ ಕಾಣುವುದು = ಒಳಗಿನದ್ದರ −2/7 ಪಾಲು. ತಿರುಗುವ ನ್ಯೂಕ್ಲಿಯಸ್ಸುಗಳಲ್ಲಿ ಹೆಚ್ಚಿನವು ಉದ್ದದವೇ, ಚಪ್ಪಟೆ ಕಡಿಮೆ.

ಬೇರೆ ಆಕಾರಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ರೇಡಿಯಂ-224 ಪೇರ್ (ಮರಸೇಬು) ಹಣ್ಣಿನ ಹಾಗೆ ಒಂದು ಕಡೆ ದಪ್ಪ ಅಂತ 2013ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಗಟ್ಟಿ ಪುರಾವೆ ಸಿಕ್ಕಿತು. ಸೀಸ-186ರಲ್ಲಿ ಗುಂಡು, ಉದ್ದ, ಚಪ್ಪಟೆ ಮೂರೂ ಆಕಾರ ಅಕ್ಕಪಕ್ಕದ ಶಕ್ತಿಯಲ್ಲೇ ಇವೆ. 1986ರಲ್ಲಿ ಇಂಗ್ಲೆಂಡಿನ ಡೇರ್ಸ್‌ಬರಿಯಲ್ಲಿ ಪೀಟರ್ ಟ್ವಿನ್ ತಂಡ ಡಿಸ್ಪ್ರೋಸಿಯಂ-152ರಲ್ಲಿ 19 ಗಾಮಾ ಗೆರೆಗಳ ಒಂದು ಸಾಲು ಕಂಡಿತು, ಬಾಚಣಿಗೆ ಹಲ್ಲಿನ ಹಾಗೆ ಸುಮಾರು 47 ಕೆಇವಿಗೆ ಒಂದೊಂದು. ಪಕ್ಕಪಕ್ಕದ ಗೆರೆಗಳ ಅಂತರ ಎಂಇವಿಯಲ್ಲಿ ಹಾಕಿ 4ನ್ನು ಅದರಿಂದ ಭಾಗಿಸಿದರೆ ಇನರ್ಷಿಯಾ ಸಿಗುತ್ತದೆ: 4 ÷ 0.047 = 85. ಬೆಂದ ಮೊಟ್ಟೆಯೇ! ಉದ್ದ ಅಗಲದ ಎರಡು ಪಟ್ಟು. ಅದನ್ನು ಸೂಪರ್‌ಡಿಫಾರ್ಮ್ಡ್ ಅನ್ನುತ್ತಾರೆ.

ಇಂಥ ಅಳತೆ ಮಾಡೋಕೆ ಫಾರಿನ್‌ಗೇ ಹೋಗಬೇಕಾಗಿಲ್ಲ. ಇಂಡಿಯನ್ ನ್ಯಾಷನಲ್ ಗಾಮಾ ಅರೇ ಅಂತ ನಮ್ಮದೇ ಡಿಟೆಕ್ಟರ್ ಗುಂಪು ಇದೆ, ಇಂಗಾ ಅಂತ ಕರೆಯುತ್ತಾರೆ. ನಾಟಕ ಕಂಪನಿ ಕ್ಯಾಂಪ್ ಹಾಕಿದ ಹಾಗೆ ಮುಂಬೈನ ಟಿಐಎಫ್ಆರ್, ದೆಹಲಿಯ ಐಯುಎಸಿ, ಕೋಲ್ಕತ್ತದ ವಿಇಸಿಸಿ ಅನ್ನುವ ಸಂಶೋಧನಾ ಕೇಂದ್ರಗಳ ನಡುವೆ ಸರದಿ ಮೇಲೆ ಸುತ್ತುತ್ತದೆ. ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಅಲ್ಲಿ ಪ್ರಯೋಗ ಮಾಡುತ್ತಾರೆ.

ನೀವೇ ಮಾಡಿ ನೋಡಿ

ಮೊದಲನೇದು ಯುರೇನಿಯಂ-238. 44.9, 148.4, 307.2, 518.1. ಭಾಗಾಕಾರ 3.30 ಬರಬೇಕು, 3 ÷ 0.0449 ಅಂದರೆ ಸುಮಾರು 67. ಬೀಟಾ ಸುಮಾರು 0.28 ಅಂತ ಹಾಕಿ ಬೆಂದ ಮೊಟ್ಟೆಯ ಲೆಕ್ಕ ಮಾಡಿ. ಇದೂ ಅರೆಬೆಂದದ್ದೇನಾ ನೋಡಿ.

ಎರಡನೇದು ಗ್ಯಾಡೋಲಿನಿಯಂ-154. ಇದರ ಗೆರೆಗಳು ಯುರೋಪಿಯಂ-154 ಸೋರ್ಸಿನಲ್ಲಿ ಬರುತ್ತವೆ, 123.1 ಮತ್ತು 247.9. ಅಳಿಯನಿಗೆ ರಾತ್ರಿ ಇದನ್ನೇ ಕೊಟ್ಟೆ. ಗ್ಯಾಡೋಲಿನಿಯಂ ಅಂದಕೂಡಲೇ "ಇದೂ ಗುಂಡಗಿರ್ತೈತಿ ಮಾವ, 152 ಹಂಗೇ ಇತ್ತಲ್ಲ" ಅಂದ. ಕ್ಯಾಲ್ಕುಲೇಟರ್ ಕಿತ್ತುಕೊಂಡೆ. ಮೊದಲು ನ್ಯೂಟ್ರಾನ್ ಎಣಿಸು ಅಂದೆ. ಬೆರಳು ಮಡಚಿ ಎಣಿಸಿದ, 154ರಲ್ಲಿ 64 ಕಳೆದರೆ 90. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಡಪ ಕಲ್ಲಿನ ಮೇಲಿದ್ದ ಮೊಟ್ಟೆಯನ್ನು ಎತ್ತಿಕೊಂಡು ಮಲಗಿಸಿ ತಿರುವಿದ.